ಹೊರಗಿನವರ ಗ್ಲಾಸು

ಸ್ಟ್ಯಾಂಪು, ನಾಣ್ಯ ಕೂಡಿಡುವವರು ನಿಮ್ಮಲ್ಲೂ ಇರಬಹುದು. ನನ್ನದು ಗಾಜಿನ ಹುಚ್ಚು. ಅಚ್ಚಿಗೆ ಒತ್ತಿ ಮಾಡಿದ ಹಳೇ ಲೋಟ, ಬಟ್ಟಲು, ತಟ್ಟೆ. ಪ್ರೆಸ್ಡ್ ಗ್ಲಾಸ್ ಅಂತಾರೆ. ವಾರವಿಡೀ ಕೋಡಿನಲ್ಲಿ ಬಗ್ ಹುಡುಕಿದ್ದು ಸಾಲದು ಅಂತ ರಜೆಯಲ್ಲಿ ಗಾಜಿನಲ್ಲಿ ಗುಳ್ಳೆ ಹುಡುಕುತ್ತೀಯಾ ಅಂತ ಗೆಳೆಯರು ನಗುತ್ತಾರೆ :-)

ಈ ಹುಚ್ಚಿನವರ ಕಾಶಿ ಇರೋದು ಅಮೆರಿಕಾದಲ್ಲಿ. 1825ರಲ್ಲಿ ಡೆಮಿಂಗ್ ಜಾರ್ವಿಸ್ ಎಂಬಾತ ಮ್ಯಾಸಚೂಸೆಟ್ಸ್‌ನ ಸ್ಯಾಂಡ್‌ವಿಚ್ ಎಂಬ ಊರಲ್ಲಿ (ಹೌದು, ಊರಿನ ಹೆಸರೇ ಅದು) ಗಾಜಿನ ಕಾರ್ಖಾನೆ ಶುರು ಮಾಡಿದ. ಅಲ್ಲಿಯವರೆಗೆ ಗಾಜಿನ ಪಾತ್ರೆ ಅಂದರೆ ಹೆಚ್ಚಾಗಿ ಕೊಳವೆಯಲ್ಲಿ ಊದಬೇಕು, ಕುಸುರಿ ಬೇಕಿದ್ದರೆ ಕೂತು ಕೊರೆಯಬೇಕು. ದುಡ್ಡಿದ್ದವರ ವಸ್ತು. ಕರಗಿದ ಗಾಜನ್ನು ಲೋಹದ ಅಚ್ಚಿಗೆ ಹಾಕಿ ಸನ್ನೆ ಜಗ್ಗಿ ಒತ್ತುವ ಯಂತ್ರ ಬಂದ ಮೇಲೆ ಅದು ಸಾಮಾನ್ಯರ ಮೇಜಿಗೂ ಬಂತು. ಒಂದು ತೊಂದರೆ ಇತ್ತು. ಅಚ್ಚಿನ ತಂಪು ತಾಗಿ ಗಾಜಿನ ಮೈ ಸುಕ್ಕುಗಟ್ಟುತ್ತಿತ್ತು. ಅದನ್ನು ಮರೆಮಾಚಲು ಅಚ್ಚಿನ ತುಂಬ ಸಣ್ಣ ಸಣ್ಣ ಚುಕ್ಕಿ ಕೊರೆದರು. ಬೆಳಕು ಬಿದ್ದಾಗ ಆ ಚುಕ್ಕಿಗಳೇ ಲೇಸಿನ ಬಟ್ಟೆಯ ಹಾಗೆ ಹೊಳೆದು 'ಲೇಸಿ ಗ್ಲಾಸ್' ಅಂತ ಹೆಸರಾಯಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಬಗ್ಗೇ ಫೀಚರ್ ಆಯಿತು!

ಅದರಲ್ಲೂ ಜನ ಮುಗಿಬೀಳೋದು 'ಕಪ್ ಪ್ಲೇಟ್'ಗೆ. ಮೂರು-ಮೂರೂವರೆ ಇಂಚಿನ ಪುಟ್ಟ ತಟ್ಟೆ. ಆ ಕಾಲದ ಅಮೆರಿಕದವರು ಬಿಸಿ ಚಾ ಬಶಿಗೆ ಸುರಿದು ಕುಡಿಯುತ್ತಿದ್ದರಂತೆ. ಕಪ್ಪಿನಿಂದ ಮೇಜಿನ ಬಟ್ಟೆಗೆ ಕಲೆಯಾಗಬಾರದು ಅಂತ ಅದನ್ನಿಡಲು ಈ ತಟ್ಟೆ. ಅಂಕೋಲೆಯಲ್ಲಿ ಸುರ್ರ್ ಅಂತ ಬಶಿಯಲ್ಲಿ ಚಾ ಹೀರುವ ನಮ್ಮ ಮಾವನಿಗೆ ಇದನ್ನು ಹೇಳಿದೆ, ಖುಷಿಯೋ ಖುಷಿ! 1948ರಲ್ಲಿ ರೂತ್ ವೆಬ್ ಲೀ ಮತ್ತು ಜೇಮ್ಸ್ ರೋಸ್ ಈ ತಟ್ಟೆಗಳಿಗೆಲ್ಲ ನಂಬರು ಕೊಟ್ಟು ಪುಸ್ತಕ ಮಾಡಿದರು. ಸಂಗ್ರಹಕಾರರು ಈಗಲೂ ಆ ನಂಬರಿನಲ್ಲೇ ಮಾತಾಡುತ್ತಾರೆ. ಅಂಚು ಚೂರೂ ಮುಕ್ಕಾಗಿರದಿದ್ದರೆ ಬೆಲೆ ಜಾಸ್ತಿ.

ನನ್ನ ಹತ್ತಿರ ಸ್ಯಾಂಡ್‌ವಿಚ್‌ನದು ಒಂದೂ ಇಲ್ಲ. ಇರೋದೆಲ್ಲ ಕಾರವಾರದ ಗುಜರಿ ಅಂಗಡಿಯಲ್ಲಿ, ಅಂಕೋಲೆಯ ಮನೆಗಳ ಅಟ್ಟದಲ್ಲಿ ಸಿಕ್ಕವು. ಕೆಲವು ಜಪಾನಿನವು, ಕೆಲವು ಫಿರೋಜಾಬಾದ್ ಕಡೆಯವು. ಗುರುತಿಸೋದು ಸುಲಭ. ಬದಿಯಲ್ಲಿ ಬೆರಳಾಡಿಸಿದರೆ ಅಚ್ಚಿನ ಹೋಳುಗಳು ಕೂಡಿದ ಕಡೆ ಸಣ್ಣ ಗೆರೆ ತಾಗುತ್ತದೆ.

ಇವುಗಳಲ್ಲಿ ಅತಿ ಚೆಂದದವು ನಮ್ಮ ಮನೆಯವೇ. ಆರು ದಪ್ಪ ಗ್ಲಾಸು, ಒಂದಕ್ಕೂ ಮುಕ್ಕಿಲ್ಲ. ಇಷ್ಟು ವರ್ಷ ಹೇಗೆ ಉಳಿದವು ಅಂತ ಅಜ್ಜಿಯನ್ನು ಕೇಳಿದೆ.

"ಅದು ಹೊರಗಿನವ್ರ ಗ್ಲಾಸು ತಮಾ, ಒಳಗೆ ತರ್ಬೇಡ" ಅಂದಳು.

ಒಳಗೆ ಹಿತ್ತಾಳೆ, ಕಂಚು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಶುದ್ಧ. ಗಾಜು ಜಗಲಿಯ ಗೂಡಿನಲ್ಲಿ. ಮನೆಯೊಳಗೆ ಬರಬಾರದವರಿಗೆ ಅದರಲ್ಲಿ ಚಾ. ಕುಡಿದವರೇ ತೊಳೆದು ಬೋರಲು ಹಾಕಿ ಹೋಗಬೇಕು. ಇನ್ನೂ ಕೆಲವರಿಗೆ ಗ್ಲಾಸೂ ಇಲ್ಲ, ತೆಂಗಿನ ಕರಟ. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಅಸ್ಪೃಶ್ಯತೆಯನ್ನು ನಿಷೇಧಿಸಿತು. ನಮ್ಮ ಜಗಲಿಯ ಗೂಡಿಗೆ ಆ ಸುದ್ದಿ ಮುಟ್ಟಲು ಬಹಳ ವರ್ಷ ಹಿಡಿಯಿತು.

ನಮ್ಮ ಗದ್ದೆಯ ನಾಟಿಗೆ ಬರುತ್ತಿದ್ದ ಒಬ್ಬಾಕೆಗೆ ಈಗ ಎಂಬತ್ತು ದಾಟಿದೆ. ಅವರಿಗೆ ಒಂದು ಗ್ಲಾಸು ತೋರಿಸಿದೆ. ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, "ಒಡೆದ್ರೆ ಬೈತಾರೆ ಅಂತ ಎರಡೂ ಕೈಯಲ್ಲಿ ಹಿಡೀತಿದ್ವು" ಅಂದರು. ಮತ್ತೇನೂ ಹೇಳಲಿಲ್ಲ.

ಒಂದೂ ಮುಕ್ಕಾಗದಿದ್ದದ್ದು ನಮ್ಮ ಮನೆಯವರ ಜೋಪಾನದಿಂದಲ್ಲ. ಆ ಎರಡು ಕೈಗಳ ಹೆದರಿಕೆಯಿಂದ.

ನನ್ನ ಸಂಗ್ರಹದ ಎಕ್ಸೆಲ್ ಶೀಟಿನಲ್ಲಿ ಎತ್ತರ, ಬಣ್ಣ, ಅಚ್ಚಿನ ಗೆರೆ, ಸ್ಥಿತಿ ಅಂತ ಕಾಲಂಗಳಿದ್ದವು. ಈಗ ಇನ್ನೊಂದು ಸೇರಿಸಿದ್ದೇನೆ: 'ಯಾರು ಕುಡಿದದ್ದು'. ಬಹಳ ಸಾಲು ಖಾಲಿಯೇ ಇವೆ. ಗುಜರಿಯಲ್ಲಿ ಕೊಂಡದ್ದಕ್ಕೆ ಹೇಳುವವರು ಯಾರು? ನಿಮ್ಮನೆ ಅಟ್ಟದಲ್ಲೂ ಇಂಥವು ಇದ್ದರೆ ತೂಕಕ್ಕೆ ಹಾಕಬೇಡಿ. ಅದು ಒಳಗಿನದೋ ಹೊರಗಿನದೋ ಅಂತ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.