ಡಬ್ಬಿಗೆ ಚಾಚಿದ ಕೈ

ಸೋದರಿಯರೇ, ತಂತ್ರವೆಂದೊಡನೆ ನಮ್ಮ ಕಡೆಯವರಿಗೆ ಮಾಟವೂ ತಾಯಿತವೂ ನೆನಪಾಗುವುವು. ನನಗಾದರೋ ನನ್ನ ತಂಬಾಕಿನ ಡಬ್ಬಿಯು ನೆನಪಾಗುವುದು. ಅದೇಕೆಂಬುದನ್ನು ಸಂಕೋಚವನ್ನು ಬದಿಗಿಟ್ಟು ನಿವೇದಿಸುವೆನು.

ನನ್ನ ತವರು ಆಳಂದದ ಕಡೆಯದು. ಕೊಟ್ಟ ಮನೆ ಅಫಜಲಪುರದ ಸೀಮೆಯಲ್ಲಿ. ಈಗ ಮಗನೊಡನೆ ಜೇವರ್ಗಿಯಲ್ಲಿರುವೆನು. ಆಳಂದದ ಕಡೆಯಿಂದ ಬರುವ ಅಮರ್ಜೆಯು ಗಾಣಗಾಪುರದ ಬಳಿ ಭೀಮೆಯನ್ನು ಕೂಡುವಂತೆ, ತವರಿನ ಚಟವೊಂದು ನನ್ನೊಡನೆಯೇ ಹರಿದುಬಂದಿತು. ಹುರಿದ ತಂಬಾಕಿನ ಪುಡಿಯನ್ನು ಹಲ್ಲಿಗೆ ತಿಕ್ಕುವುದೇ ಆ ಚಟ. ಯಜಮಾನರು ತೀರಿಕೊಂಡ ಮೇಲೆ ದಿನಕ್ಕೆರಡು ಸಲವಿದ್ದುದು ಹತ್ತಾಯಿತು. ಒಂದು ದಿನ ಮಗಳು, “ಯವ್ವಾ, ಅಪ್ಪನ ಮಾತು ತಗದ್ರ ಸಾಕು, ನೀ ಎದ್ದು ಡಬ್ಬಿ ಹುಡುಕ್ತಿ. ನಾ ಯಾರ ಮುಂದ ಅಳಬೇಕು?” ಎಂದಳು. ಆ ಮಾತು ಎದೆಗೆ ನಾಟಿತು.

ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು, ಕಾಳುಕಡಿಗಳಿಗೆ ಬದಲಾಗಿ ದುಶ್ಚಟಗಳನ್ನೇ ಭಿಕ್ಷೆ ಬೇಡಲಾರಂಭಿಸಿದರು. ಅವರು 2018ರಲ್ಲಿ ಲಿಂಗೈಕ್ಯರಾದರು; ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ನಾಡಿನಲ್ಲಿ ವ್ಯಸನಮುಕ್ತ ದಿನವೆನಿಸಿದೆ. ಆ ಜೋಳಿಗೆಯನ್ನು ನೆನೆದು ನಾನೂ ಡಬ್ಬಿಯನ್ನು ತಿಪ್ಪೆಗೆಸೆದೆನು. ಮೂರನೆಯ ದಿನವೇ ಹೊಸದೊಂದು ಮನೆಗೆ ಬಂದಿತು! ಡಬ್ಬಿಯನ್ನು ಕೊಟ್ಟಿದ್ದೆನೇ ಹೊರತು ದುಃಖವನ್ನು ಕೊಟ್ಟಿರಲಿಲ್ಲ.

ಆಗಮಗಳನ್ನು ಓದಿಕೊಂಡ ನನ್ನ ಸೋದರಮಾವನವರಲ್ಲಿ ಇದನ್ನು ಹೇಳಿಕೊಂಡೆನು. ಅವರು, “ಲಿಂಗ ನೋಡೂವಾಗ ಮನಸು ಓಡಿತಂದ್ರ ಬಡದು ತರಬ್ಯಾಡವ್ವಾ, ಯಾಕ ಓಡ್ತದ, ಅದನ್ನ ನೋಡು” ಎಂದರು. ವಿಜ್ಞಾನಭೈರವವೆಂಬ ಶೈವತಂತ್ರದಲ್ಲಿ 112 ಧಾರಣೆಗಳುಂಟೆಂದೂ, ಕಾಮಕ್ರೋಧಾದಿಗಳು ತಲೆಯೆತ್ತಿದಾಗಲೇ ಬುದ್ಧಿಯನ್ನು ನಿಶ್ಚಲಗೊಳಿಸುವುದು ಅವುಗಳಲ್ಲೊಂದೆಂದೂ ತಿಳಿಸಿದರು.

ಅಂದು ಸಂಜೆ ಕೈ ಡಬ್ಬಿಗೆ ಚಾಚಿತು. ನಾನು ಅದನ್ನು ತೆರೆಯದೆ, ಇಷ್ಟಲಿಂಗವನ್ನು ಎಡಗೈಯಲ್ಲಿರಿಸಿಕೊಂಡು ಕುಳಿತೆನು. ಬಾಯಿ ಒಣಗಿತು; ಎದೆ ಭಾರವಾಯಿತು; ಇರುಳೆಲ್ಲ ಕೆಮ್ಮುತ್ತಿದ್ದ ಯಜಮಾನರ ದನಿ ಕಿವಿಯಲ್ಲಿ ಮೊಳಗಿತು. ಓಡಿಹೋಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆನು. ಅತ್ತು ಮುಗಿದಾಗ ತಂಬಾಕಿನ ಹಂಬಲವೂ ಇಳಿದಿತ್ತು. ಅನಂತರ ಮಗಳನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡೆನು.

ಚಟವು ಒಂದೇ ದಿನದಲ್ಲಿ ಹೋಯಿತೆಂದರೆ ಸುಳ್ಳಾದೀತು. ಎಷ್ಟೋ ಸಲ ಸೋತೆನು; ಸೋತಾಗಲೂ ನೋಡಿದೆನು. ಈಗ ಡಬ್ಬಿಯು ಮನೆಯಲ್ಲಿಲ್ಲ. ಹೆಂಡಕ್ಕೆ ಬಲವಾಗಿ ಅಂಟಿಕೊಂಡವರು ಮಾತ್ರ ಅದನ್ನು ಒಮ್ಮೆಲೇ ಬಿಡುವುದು ಪ್ರಾಣಾಪಾಯಕರ. ಅವರು ವೈದ್ಯರ ನೆರವಿನಿಂದಲೇ ಬಿಡತಕ್ಕದ್ದು. ಉಳಿದಂತೆ, ಕೈ ಚಾಚಿದಾಗ ಅದನ್ನು ದೂಷಿಸದೆ, ಅದು ಯಾವ ನೋವಿಗೆ ಹೆದರಿ ಓಡುತ್ತಿದೆಯೆಂದು ಒಮ್ಮೆ ಕೇಳಿರಿ.