ಕಣಕಾಲಿನ ನೋವೂ ತಾಳ್ಮೆಯ ಪಾಠವೂ

ನಮ್ಮ ಮನೆಗಳಲ್ಲಿ ನೆಗಡಿಗೆ ಕಷಾಯವುಂಟು, ಹೊಟ್ಟೆನೋವಿಗೆ ಓಮದ ನೀರುಂಟು. ಕಾಲುನೋವಿಗೆ ಮಾತ್ರ “ನಡೆದರೆ ತಾನಾಗಿಯೇ ಹೋಗುತ್ತದೆ” ಎಂಬ ಮಾತೊಂದೇ ಮದ್ದು. ಹೊಲಗೆಲಸದಲ್ಲಿ ಬೆಳೆದ ಜನ ನಾವು. ಕಾಲು ನೋಯುವುದನ್ನು ಒಂದು ಕಾಯಿಲೆಯೆಂದು ಎಣಿಸುವ ವಾಡಿಕೆ ನಮ್ಮಲ್ಲಿಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ಹಿಂದೂಪುರದ ಸುತ್ತಲಾಗಲಿ ಕಲ್ಯಾಣದುರ್ಗದ ಸುತ್ತಲಾಗಲಿ ನಸುಕಿನಲ್ಲಿ ರಸ್ತೆಗೆ ಬಂದವರಿಗೆ ಒಂದು ಹೊಸ ನೋಟ ಕಾಣುತ್ತದೆ. ಪೊಲೀಸ್ ಕಾನ್‌ಸ್ಟೇಬಲ್ ಭರ್ತಿಗೂ, 2022ರಲ್ಲಿ ಆರಂಭವಾದ ಸೇನೆಯ ಅಗ್ನಿವೀರ ಭರ್ತಿಗೂ ಸಿದ್ಧರಾಗುತ್ತಿರುವ ಮಕ್ಕಳು ಡಾಂಬರಿನ ಮೇಲೆ ಓಡುತ್ತಿರುತ್ತಾರೆ. ಅವರ ಹಿಂದೆ, ಸಕ್ಕರೆ ಕಾಯಿಲೆಯ ದೆಸೆಯಿಂದ ವೈದ್ಯರು ನಡೆಯಹೇಳಿದ ಹಿರಿಯರು ನಡೆಯುತ್ತಿರುತ್ತಾರೆ. ಈ ಎರಡು ಗುಂಪಿನವರನ್ನೂ ಸಮಾನವಾಗಿ ಕಾಡುವ ನೋವೊಂದಿದೆ. ಅದರ ವಿಚಾರವಾಗಿ ನಾಲ್ಕು ಮಾತು ಹೇಳುವುದು ಈ ಬರಹದ ಉದ್ದೇಶ.

ಮೊಣಕಾಲಿನ ಕೆಳಗೆ, ಪಾದದ ಗಂಟಿನವರೆಗೆ, ಮುಂಭಾಗದಲ್ಲಿ ಚರ್ಮದಡಿಯಲ್ಲೇ ಕೈಗೆ ಸಿಗುವ ಎಲುಬೊಂದಿದೆಯಷ್ಟೆ? ಅದರ ಒಳಮಗ್ಗುಲಿನ ಕೆಳಭಾಗದಲ್ಲಿ ಓಡುವಾಗಲೋ ಬಿರುಸಾಗಿ ನಡೆಯುವಾಗಲೋ ಕಾಣಿಸಿಕೊಳ್ಳುವ ನೋವಿಗೆ ವೈದ್ಯರು ‘ಶಿನ್ ಸ್ಪ್ಲಿಂಟ್ಸ್’ ಎನ್ನುತ್ತಾರೆ. ನಾವು ಕಣಕಾಲಿನ ನೋವು ಎನ್ನೋಣ. ಮೊದಮೊದಲು ಓಟದ ಆರಂಭದಲ್ಲಿ ನೋಯುತ್ತದೆ, ಮೈ ಬಿಸಿಯಾದಂತೆ ಮರೆಯಾಗುತ್ತದೆ. ಹೀಗೆ ಮರೆಯಾಗುವುದರಿಂದಲೇ ಜನ ಮೋಸಹೋಗುತ್ತಾರೆ. ಹಾಗೆಯೇ ಮುಂದುವರಿದರೆ ಓಟದುದ್ದಕ್ಕೂ, ಬಳಿಕ ನಡೆದಾಗಲೂ ನೋವು ನಿಲ್ಲುತ್ತದೆ.

ಕಲ್ಯಾಣದುರ್ಗದ ಕಡೆ ಕೆಲಸ ಮಾಡುತ್ತಿದ್ದಾಗ ನಾನು ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಕಡಲೆಕಾಯಿ ಬೆಳೆಯುವ ರೈತರೊಬ್ಬರ ಮಗಳು ನಮ್ಮ ಶಾಲೆಯಲ್ಲಿ ಓದಿದವಳು. ಕಾನ್‌ಸ್ಟೇಬಲ್ ಭರ್ತಿಯ ಪ್ರಕಟಣೆ ಬಂದೊಡನೆ, ಅಲ್ಲಿಯವರೆಗೆ ಓಡಿ ಅಭ್ಯಾಸವಿಲ್ಲದವಳು ದಿನಕ್ಕೆ ಐದಾರು ಕಿಲೋಮೀಟರ್ ಓಡತೊಡಗಿದಳು. ಮೂರನೆಯ ವಾರ ಕಣಕಾಲು ನೋಯಿತು. “ತಾಳಿದವನು ಬಾಳಿಯಾನು, ತಾಳಿಕೊ ಮಗಾ” ಎಂದು ಅಜ್ಜಿ ಅಕ್ಕರೆಯಿಂದಲೇ ಹೇಳಿದರು. ಹುಡುಗಿ ನೋವಿನ ಮಾತ್ರೆ ನುಂಗಿ ಓಡಿದಳು. ಕೊನೆಗೆ ರಾತ್ರಿ ಮಲಗಿದಾಗಲೂ ನೋವು ಬಿಡದೆ ಆಸ್ಪತ್ರೆಗೆ ಹೋದಾಗ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಆ ಸಲದ ಓಟ ಕೈತಪ್ಪಿತು. ತಂದೆ ನನ್ನೊಡನೆ, “ಮೇಷ್ಟ್ರೇ, ಬೆಳೆ ಹೋದರೆ ಮುಂದಿನ ಮಳೆಗೆ ಕಾಯಬಹುದು. ಈ ಭರ್ತಿ ಮತ್ತೆ ಯಾವಾಗಲೋ. ಅಷ್ಟರಲ್ಲಿ ಇವಳ ವಯಸ್ಸು ಮೀರಿದರೆ?” ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಈ ನೋವಿಗೆ ಕಾರಣವೇನು? ಎಲುಬು ಕಲ್ಲಿನಂತೆ ಜಡವಾದ ವಸ್ತುವಲ್ಲ. ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಾನೇ ತಿದ್ದಿಕೊಳ್ಳುವ ಜೀವಂತ ಅಂಗ. ಈ ನಿಯಮವನ್ನು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ವಿವರಿಸಿದನು. ಆದರೆ ಈ ತಿದ್ದುಪಡಿಗೆ ಒಂದು ಕ್ರಮವಿದೆ. ಹಳೆಯ ಗೋಡೆಗೆ ಹೊಸ ಗಾರೆ ಹಾಕುವ ಮುನ್ನ ಸಡಿಲಾದುದನ್ನು ಕೆರೆದು ತೆಗೆಯುವಂತೆ, ಎಲುಬು ಮೊದಲು ಸವೆದ ಭಾಗವನ್ನು ಕರಗಿಸಿ, ಆಮೇಲೆ ಹೊಸದನ್ನು ತುಂಬುತ್ತದೆ. ಕರಗಿಸುವ ಕೆಲಸ ಕೆಲವು ವಾರಗಳದು. ತುಂಬಿ ಗಟ್ಟಿಯಾಗುವ ಕೆಲಸ ಕೆಲವು ತಿಂಗಳುಗಳದು. ಆದುದರಿಂದ ಹೊಸದಾಗಿ ಓಡತೊಡಗಿದವರ ಎಲುಬು ಮೊದಲ ವಾರಗಳಲ್ಲಿ ಮೊದಲಿಗಿಂತ ತುಸು ದುರ್ಬಲವಾಗಿಯೇ ಇರಬಹುದು. ನಾವಾದರೋ ಆ ವಾರಗಳಲ್ಲೇ ಹುರುಪಿನಿಂದ ಓಟವನ್ನು ಇಮ್ಮಡಿಗೊಳಿಸುತ್ತೇವೆ! ಸೈನಿಕರಿಗೆ ಇದು ಹಳೆಯ ಪರಿಚಯ. 1855ರಷ್ಟು ಹಿಂದೆಯೇ ಪ್ರಷ್ಯದ ಸೈನ್ಯವೈದ್ಯ ಬ್ರೈಟ್‌ಹೌಪ್ಟ್, ದೂರದ ನಡಿಗೆಯಿಂದ ಸೈನಿಕರ ಪಾದಗಳು ಬಾತು ನೋಯುವುದನ್ನು ಬರೆದಿಟ್ಟನು. ಅದೂ ಎಲುಬಿನ ಬಿರುಕೇ ಎಂಬುದು ಎಕ್ಸ್‌ರೇ ಬಂದ ಮೇಲೆ ತಿಳಿಯಿತು.

ಶಿಕ್ಷಕರ ತರಬೇತಿಯಲ್ಲಿ ನಮಗೆ ಮೊದಲು ಕಲಿಸುವ ಸೂತ್ರವೊಂದಿದೆ: ಸರಳದಿಂದ ಕ್ಲಿಷ್ಟದೆಡೆಗೆ ಸಾಗು. ಅಕ್ಷರ ಬಾರದ ಮಗುವಿನ ಮುಂದೆ ಪಠ್ಯವಿಟ್ಟು ಓದೆನ್ನುವ ಉಪಾಧ್ಯಾಯನುಂಟೆ? ಕಾಲಿಗೂ ಇದೇ ಬೋಧನಾಕ್ರಮ ಸಲ್ಲುತ್ತದೆ. ನಾನು ಹಿಂದೂಪುರದ ಕಡೆಗೆ ವರ್ಗವಾಗಿ ಬಂದಾಗ ಬಸ್ಸಿಳಿದು ಶಾಲೆಗೆ 3 ಕಿಲೋಮೀಟರ್ ಗಟ್ಟಿ ರಸ್ತೆಯಲ್ಲಿ ನಡೆಯಬೇಕಾಯಿತು. ಎರಡನೆಯ ವಾರದಲ್ಲಿ ನನ್ನ ಕಣಕಾಲೂ ನೋಯಿತು. ಒಂದು ತಿಂಗಳು ಸೈಕಲ್ಲಿನಲ್ಲಿ ಹೋಗಿ, ಆಮೇಲೆ ಅರ್ಧ ದಾರಿಯಿಂದ ಆರಂಭಿಸಿ, ಡಾಂಬರು ಬಿಟ್ಟು ಪಕ್ಕದ ಮಣ್ಣಿನ ಮೇಲೆ ನಡೆದೆ. ಐವತ್ತು ದಾಟಿದ ಕಾಲೂ ಪಾಠ ಕಲಿಯಿತು.

ನೋವು ಸಾಧಾರಣವೋ ಅಪಾಯದ್ದೋ ಎಂದು ಊಹಿಸಲು ಮನೆಯಲ್ಲೇ ಒಂದು ಪರೀಕ್ಷೆಯುಂಟು. ಹೆಬ್ಬೆರಳಿನಿಂದ ಎಲುಬಿನ ಒಳಅಂಚನ್ನು ಮೆಲ್ಲಗೆ ಒತ್ತುತ್ತ ಬನ್ನಿ. ಮೂರು ನಾಲ್ಕು ಬೆರಳಗಲ ಹರಡಿಕೊಂಡು ನೋಯುತ್ತಿದ್ದರೆ ಬಹುಮಟ್ಟಿಗೆ ಅದು ವಿಶ್ರಾಂತಿಗೆ ಬಗ್ಗುವ ನೋವು. ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುಚ್ಚಿದಂತೆ ನೋಯುತ್ತಿದ್ದರೆ, ಒಂಟಿಕಾಲಿನಲ್ಲಿ ಕುಪ್ಪಳಿಸಲಾಗದಿದ್ದರೆ, ರಾತ್ರಿಯೂ ನೋಯುತ್ತಿದ್ದರೆ ಬಿರುಕಿನ ಶಂಕೆಯಿದೆ. ಓಟ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಹೊಸ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. “ಏನೂ ಇಲ್ಲ” ಎಂದು ಚೀಟಿ ಬಂದರೂ ನೋವು ಉಳಿದಿದ್ದರೆ ಮತ್ತೆ ತೋರಿಸಬೇಕು. ಓಡುವಾಗ ಕಾಲು ಬಿಗಿದು ಪಾದ ಜೋಮು ಹಿಡಿಯುವುದು, ಒಂದೇ ಕಾಲು ಬಾತು ಬಿಸಿಯಾಗುವುದು, ಬೀಡಿ ಸೇದುವವರಿಗೂ ಸಕ್ಕರೆ ಕಾಯಿಲೆಯವರಿಗೂ ನಡೆದಾಗ ಮೀನಖಂಡ ಹಿಡಿದು ನಿಂತಾಗ ಬಿಡುವುದು—ಇವು ಬೇರೆಯೇ ಕಾಯಿಲೆಗಳ ಸೂಚನೆ. ಅದರಲ್ಲೂ ಒಂದೇ ಕಾಲು ಬಾತಿದ್ದರೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ಸಾಧಾರಣ ನೋವಿಗೆ ಉಪಚಾರ ಸುಲಭ, ಆದರೆ ನಿಧಾನ. ಎರಡರಿಂದ ಆರು ವಾರ ಓಟ ಬಿಡಬೇಕು. ಸುಮ್ಮನೆ ಮಲಗಬೇಕೆಂದಲ್ಲ, ನೋಯದಿದ್ದರೆ ಸೈಕಲ್ ತುಳಿಯಬಹುದು, ಬಾವಿಯಲ್ಲಿ ನೀರಿದ್ದರೆ ಈಜಬಹುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಟ್ಟರೆ ಹಿತ. ಎಣ್ಣೆ ಹಚ್ಚಿ ಎಲುಬನ್ನು ಬಲವಾಗಿ ತಿಕ್ಕುವುದು ಸಲ್ಲದು. ಮಾತ್ರೆ ನುಂಗಿ ಓಡುವುದಂತೂ, ಕೂಗುವ ಕಾವಲುಗಾರನ ಬಾಯಿ ಕಟ್ಟಿದಂತೆ. ನೋವು ಇಳಿದ ಮೇಲೆ ಮೆಟ್ಟಿಲ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವುದು, ಗೋಡೆಗೆ ಕೈಕೊಟ್ಟು ಮೀನಖಂಡವನ್ನು ಚಾಚುವುದು—ಈ ಎರಡು ಡ್ರಿಲ್ಲುಗಳು ಸಾಕು. ಅರ್ಧ ಗಂಟೆ ನೋವಿಲ್ಲದೆ ನಡೆಯಬಲ್ಲವರು ಒಂದು ನಿಮಿಷ ಓಡಿ ಒಂದು ನಿಮಿಷ ನಡೆಯುತ್ತ, ದಿನ ಬಿಟ್ಟು ದಿನ ಆರಂಭಿಸಲಿ. ವಾರಕ್ಕೆ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಏರಿಸದಿರುವುದು ಓಟಗಾರರ ನಡುವೆ ರೂಢಿಯಲ್ಲಿರುವ ಲೆಕ್ಕ. ಅಟ್ಟೆ ಸವೆದ ಬೂಟನ್ನು ಬದಲಿಸಬೇಕು. ರಾಗಿಮುದ್ದೆಯನ್ನು ಬಿಡಬಾರದು, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ.

ನಮ್ಮ ಸೀಮೆಗೆ ವಿಶೇಷವಾದ ಮಾತೊಂದನ್ನು ಬಿಡಲಾಗದು. ಓಡದ, ನಡೆಯದ ಹಿರಿಯರಿಗೂ ಕಾಲೆಲುಬು, ಸೊಂಟ, ಕೀಲುಗಳು ವರ್ಷಗಟ್ಟಲೆ ನೋಯುತ್ತಿದ್ದರೆ, ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿದ್ದರೆ, ಕುಡಿಯುವ ನೀರಿನ ಕಡೆ ನೋಡಬೇಕು. ಅನಂತಪುರ ಸೀಮೆಯ ಆಳವಾದ ಕೊಳವೆಬಾವಿಗಳಲ್ಲಿ ಅನೇಕ ಕಡೆ ಫ್ಲೋರೈಡು ಮಿತಿಮೀರಿದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕುದಲ್ಲ. ಕಾಯಿಸಿದರೆ ಅದು ಹೋಗದು, ನೀರು ಆವಿಯಾದಷ್ಟೂ ಉಳಿದುದರಲ್ಲಿ ಹೆಚ್ಚುತ್ತದೆ. 1995ರಲ್ಲಿ ಉದ್ಘಾಟನೆಯಾದ ಶ್ರೀ ಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಈ ಸೀಮೆಯ ನೂರಾರು ಹಳ್ಳಿಗಳನ್ನು ತಲುಪಿತು. ನಲ್ಲಿಯ ನೀರು ಬರುವಲ್ಲಿ ಕುಡಿಯಲು ಅಡುಗೆಗೆ ಅದನ್ನೇ ಬಳಸಿ, ಕೊಳವೆಬಾವಿಯದನ್ನು ಬಟ್ಟೆಗೂ ದನಗಳ ಕೊಟ್ಟಿಗೆ ತೊಳೆಯಲೂ ಇಟ್ಟುಕೊಳ್ಳುವುದು ಜಾಣತನ.

ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ. ಮಕ್ಕಳು ಭರ್ತಿಗೆ ಹೋಗಬೇಕೆಂದಿದ್ದರೆ ಪ್ರಕಟಣೆಗಾಗಿ ಕಾಯಬೇಡಿ. 1600 ಮೀಟರ್ ಓಟಕ್ಕೆ ಕಾಲನ್ನು ಸಿದ್ಧಗೊಳಿಸಲು ನಾಲ್ಕೈದು ತಿಂಗಳು ಬೇಕು. ಇಂದೇ ಹೊಲದ ದಾರಿಯಲ್ಲಿ ನಡೆಯಲು ಕಳುಹಿಸಿ. ಮಗ ಅಥವಾ ಮಗಳು “ಕಾಲು ನೋಯುತ್ತದೆ” ಎಂದರೆ ಸೋಮಾರಿತನವೆಂದು ಜರೆಯದೆ, ಎಲ್ಲಿ ನೋಯುತ್ತದೆ ಎಂದು ಬೆರಳಿಟ್ಟು ತೋರಿಸಹೇಳಿ. ತಾಳಿದವನು ಬಾಳಿಯಾನು ಎಂದ ನಮ್ಮ ಹಿರಿಯರು ಸುಳ್ಳಾಡಲಿಲ್ಲ. ಆದರೆ ತಾಳುವುದೆಂದರೆ ನೋವನ್ನು ನುಂಗಿ ಓಡುವುದಲ್ಲ, ಎಲುಬು ಬಲಿಯುವವರೆಗೆ ಕಾಯುವುದು. ಎರಡನೆಯದೇ ಕಷ್ಟ, ಕಲಿಸಬೇಕಾದದ್ದೂ ಅದನ್ನೇ.