ಸೀಳಿಗೆ ತಕ್ಕ ಸ್ಕ್ರೂಡ್ರೈವರ್

ರಿಪೇರಿಗೆ ಬಂದ ಕೋವಿಯನ್ನು ಮೇಜಿನ ಮೇಲಿಟ್ಟು, ಒಳಗೆ ತೋಟಾ ಇಲ್ಲವೆಂದು ಎರಡೆರಡು ಸಲ ಖಚಿತಪಡಿಸಿಕೊಂಡ ಬಳಿಕ ನಮ್ಮ ಕಣ್ಣು ಮೊದಲು ಹೋಗುವುದು ಸ್ಕ್ರೂಗಳ ತಲೆಯತ್ತ. ಆ ಕೋವಿ ಎಂಥವರ ಕೈಗೆ ಸಿಕ್ಕಿ ಬಂದಿದೆ ಎಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ. ಸೀಳಿನ ಅಂಚು ಕಿತ್ತು, ಬಾಯಿ ಅಗಲವಾಗಿ, ಸುತ್ತಲಿನ ಕೆತ್ತನೆಯ ಮೇಲೆ ಗೀರು ಬಿದ್ದಿದ್ದರೆ ಯಾರೋ ಸ್ವಿಚ್ ಬೋರ್ಡ್ ಬಿಚ್ಚುವ ಸ್ಕ್ರೂಡ್ರೈವರನ್ನೇ ಇದಕ್ಕೂ ಹಾಕಿದ್ದಾರೆ ಎಂದರ್ಥ.

ನಾವಿರುವುದು ಕೊಡಗಿನಲ್ಲಿ. ಇಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದಲೇ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರ ವರೆಗೆ ಮುಂದುವರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. (ರಿಪೇರಿ ಮಾಡುವ ನಮಗೆ ಮಾತ್ರ ಈ ಭಾಗ್ಯವಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ರಿಪೇರಿಗೂ ಪರವಾನಗಿ ಬೇಕು.) ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಹೀಗಾಗಿ ತಂದೆಯಿಂದ ಮಗನಿಗೆ ಬಂದ ಕೋವಿಯೆಂದರೆ ಇಲ್ಲಿ ಬರೀ ಆಯುಧವಲ್ಲ. ಆದರೆ ಜೂನ್‌ನಿಂದ ಸುರಿಯುವ ಮಳೆಗೆ ಇದೊಂದೂ ಲೆಕ್ಕಕ್ಕಿಲ್ಲ. ತೇವ ಮೊದಲು ಸೇರುವುದು ಕಣ್ಣಿಗೆ ಕಾಣದ ಕಡೆ. ಮರ ಮತ್ತು ಕಬ್ಬಿಣದ ಸಂದಿಯಲ್ಲಿ, ಸ್ಕ್ರೂಗಳ ಎಳೆಯಲ್ಲಿ. ಹಬ್ಬಕ್ಕೆ ಒಂದು ವಾರವಿರುವಾಗ ಎಲ್ಲರಿಗೂ ಒಟ್ಟಿಗೇ ಕೋವಿಯ ನೆನಪಾಗುತ್ತದೆ. ಆಗ ಕೈಗೆ ಸಿಕ್ಕಿದ ಸ್ಕ್ರೂಡ್ರೈವರೇ ಗತಿ.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಕ್ರೂಡ್ರೈವರಿನ ತುದಿಯನ್ನು ಪಕ್ಕದಿಂದ ನೋಡಿ. ಅದು ಬೆಣೆಯಂತೆ ಇಳಿಜಾರಾಗಿರುತ್ತದೆ. ಯಾವ ಸೀಳಿಗೂ ಒಂದಷ್ಟು ಹೋಗಲಿ ಎಂದು ಹಾಗೆ ಮಾಡಿರುತ್ತಾರೆ. ಸೀಳಿನ ಗೋಡೆಗಳು ಮಾತ್ರ ನೇರ. ಆದ್ದರಿಂದ ಬೆಣೆ ತಾಗುವುದು ಮೇಲಿನ ಅಂಚಿಗಷ್ಟೆ, ತಳಕ್ಕೆ ಹಿಡಿತವೇ ಇರುವುದಿಲ್ಲ. ತುಕ್ಕು ಹಿಡಿದ ಸ್ಕ್ರೂವಿಗೆ ಬಲ ಹಾಕಿ ತಿರುಗಿಸಿದಾಗ ಅದು ಮೇಲಕ್ಕೆ ಜಾರುತ್ತದೆ. ಜಾರುವಾಗ ಅಂಚನ್ನು ಕಿತ್ತುಕೊಂಡೇ ಬರುತ್ತದೆ. ಬಳಿಕ ಮರದ ಹಿಡಿಗೋ ನಮ್ಮ ಅಂಗೈಗೋ ಒಂದು ಗಾಯ.

ಕೋವಿ ಕೆಲಸದವರ ಸ್ಕ್ರೂಡ್ರೈವರಿನ ತುದಿ ಎರಡೂ ಬದಿ ಸಮಾನಾಂತರವಾಗಿರುತ್ತದೆ. ಹಾಲೋ ಗ್ರೌಂಡ್ ಎನ್ನುತ್ತಾರೆ. ಅದು ಸೀಳಿನ ತಳ ಮುಟ್ಟಬೇಕು, ಅಲುಗಾಡದಷ್ಟು ದಪ್ಪವಿರಬೇಕು. ಅಗಲ ಸ್ಕ್ರೂ ತಲೆಯಷ್ಟೇ ಇರಬೇಕು. ಕಡಿಮೆಯಾದರೆ ಬಲವೆಲ್ಲ ನಡುವೆ ಬಿದ್ದು ಸೀಳು ಹಾಳಾಗುತ್ತದೆ. ಹೆಚ್ಚಾದರೆ ಸುತ್ತಲಿನ ಲೋಹ ಗೀರುತ್ತದೆ. ಹಾಗಾದರೆ ಒಂದು ಕೋವಿಗೆ ಎಷ್ಟು ಸ್ಕ್ರೂಡ್ರೈವರ್ ಬೇಕು? ಎಷ್ಟು ಅಳತೆಯ ಸ್ಕ್ರೂಗಳಿವೆಯೋ ಅಷ್ಟು. ತುದಿ ಬದಲಾಯಿಸುವ ಸೆಟ್‌ಗಳು ಈಗ ಸಿಗುತ್ತವೆ. ಹೊಸ ಕೋವಿಗಳಿಗೆ ಅವು ಸಾಕು.

ಹಳೆಯ ಇಂಗ್ಲಿಷ್ ಜೋಡುನಳಿಗೆಯ ಮಾತೇ ಬೇರೆ. ಅದರ ಸೀಳು ಕೂದಲೆಳೆಯಂತಿರುತ್ತದೆ, ಸೆಟ್‌ನ ತುದಿಗಳು ಒಳಗೇ ಹೋಗುವುದಿಲ್ಲ. ಉತ್ತಮ ಕೋವಿಗಳಲ್ಲಿ ಸ್ಕ್ರೂ ಬಿಗಿದು ನಿಂತಾಗ ಸೀಳುಗಳೆಲ್ಲ ನಳಿಗೆಯ ದಿಕ್ಕಿಗೇ ಸಾಲಾಗಿ ನಿಲ್ಲುವಂತೆ ಮಾಡಿರುತ್ತಾರೆ. ಒಂದು ಓರೆಯಾಗಿದ್ದರೂ ಯಾರೋ ಕೈಹಾಕಿದ್ದಾರೆಂಬ ಅನುಮಾನ ಬರುತ್ತದೆ. ಇಂಥವಕ್ಕೆ ನಾವು ತುದಿಯನ್ನು ಅರೆದೇ ಸಿದ್ಧಮಾಡಿಕೊಳ್ಳುತ್ತೇವೆ. ಗ್ರೈಂಡರಿಗೆ ಒತ್ತಿ ಹಿಡಿದರೆ ಉಕ್ಕು ನೀಲಿಯಾಗುತ್ತದೆ. ನೀಲಿಯಾದರೆ ಹದ ಹೋಯಿತು, ತುದಿ ಬಾಗುತ್ತದೆ. ಅದಕ್ಕೇ ಸಾಣೆಕಲ್ಲಿನ ಮೇಲೆ ಎಣ್ಣೆ ಹಾಕಿ, ಉಜ್ಜಿ, ಸೀಳಿಗಿಟ್ಟು ನೋಡಿ, ಮತ್ತೆ ಉಜ್ಜಬೇಕು. ಅರ್ಧ ದಿನ ಹೋದರೂ ಹೋಯಿತು. ಕೋವಿಯ ಸ್ಕ್ರೂವಿಗಿಂತ ಸ್ಕ್ರೂಡ್ರೈವರ್ ಅಗ್ಗ. ಅರೆಯುವುದಾದರೆ ಅದನ್ನೇ ಅರೆಯಬೇಕು.

ಕೆಲವು ವರ್ಷಗಳ ಹಿಂದೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ತಂದೆಯ ಕಾಲದ ಜೋಡುನಳಿಗೆ ತಂದಿದ್ದರು. ತೋಟದ ಪಂಪ್ ರಿಪೇರಿಗೆ ಬಂದವನೊಬ್ಬ ಉಪಕಾರವೆಂದೇ ಅದರ ಬೆನ್ನಿನ ಸ್ಕ್ರೂವಿಗೆ ಕೈಹಾಕಿದ್ದ. ಸೀಳು ಎಂಬುದೇ ಉಳಿದಿರಲಿಲ್ಲ. ಎರಡು ದಿನ ಎಣ್ಣೆ ಬಿಟ್ಟೆವು, ಬಿಸಿ ಮಾಡಿದೆವು, ಮೆಲ್ಲಗೆ ತಟ್ಟಿದೆವು. ಜಗ್ಗಲಿಲ್ಲ. ಕೊನೆಗೆ ನಡುವೆ ಕೊರೆದು ತೆಗೆಯಬೇಕಾಯಿತು. ಹಳೆಯ ಕೋವಿಗಳಲ್ಲಿ ಒಬ್ಬೊಬ್ಬ ತಯಾರಕನದು ಒಂದೊಂದು ಎಳೆ. ಅಂಗಡಿಯಲ್ಲಿ ಹೊಂದುವ ಸ್ಕ್ರೂ ಸಿಗುವುದಿಲ್ಲ, ಲೇತ್‌ನಲ್ಲಿ ಕಡೆಯಬೇಕು.

“ಒಂದು ಸ್ಕ್ರೂವಿಗೆ ಇಷ್ಟು ದಿನವಾ ಕಾಕಾ?” ಎಂದರು ಅವರು.

“ಒಳಗಿನ ತುಕ್ಕು ನೋಡಿ, ಆಮೇಲೆ ಹೇಳಿ” ಎಂದು ತೋರಿಸಿದೆವು. ಆ ಸ್ಕ್ರೂ ಬರದೆ ವರ್ಷಗಟ್ಟಲೆ ಒಳಭಾಗಕ್ಕೆ ಎಣ್ಣೆ ತಾಗಿರಲಿಲ್ಲ. ಇನ್ನೆರಡು ಮಳೆಗಾಲ ಕಳೆದಿದ್ದರೆ ಸ್ಪ್ರಿಂಗ್ ಕೂಡ ಉಳಿಯುತ್ತಿರಲಿಲ್ಲ. ಅವರು ಮಾತಾಡಲಿಲ್ಲ. ಕೊರೆದು ತೆಗೆದ ಸ್ಕ್ರೂವಿನ ಚೂರನ್ನು ಕೇಳಿ ಪಡೆದು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡರು. ಕೆತ್ತನೆಯ ಒಂದೆರಡು ಎಲೆ ಅದರ ತಲೆಯ ಮೇಲೆ ಇನ್ನೂ ಕಾಣುತ್ತಿತ್ತು. ಹೊಸದರ ಮೇಲೆ ಅದನ್ನು ಮೂಡಿಸುವ ಕೈ ನಮ್ಮಲ್ಲಿಲ್ಲ.

ನಿಜ ಹೇಳಬೇಕೆಂದರೆ ಮನೆಯವರು ಮಾಡುವ ಶುಚಿಗೆ ಸ್ಕ್ರೂಡ್ರೈವರೇ ಬೇಡ. ಜೋಡುನಳಿಗೆಯ ಮುಂಗೈಯ ಮರ ತೆಗೆದು, ಮಡಚಿದರೆ ನಳಿಗೆ ಕೈಗೆ ಬರುತ್ತದೆ. ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ ಇಟ್ಟರೆ ಆಯಿತು. ಒಳಗಿನ ಲಾಕ್‌ನಲ್ಲಿ ಸ್ಪ್ರಿಂಗ್ ಬಿಗಿದು ಕುಳಿತಿರುತ್ತದೆ, ಗೊತ್ತಿಲ್ಲದವರು ಬಿಚ್ಚಿದರೆ ಮುಖಕ್ಕೇ ಬರಬಹುದು. ಹಿಡಿಯ ಹಿಂಬದಿಯ ತೂತಿನೊಳಗಿರುವ ಉದ್ದ ಬೋಲ್ಟ್ ಇನ್ನೊಂದು ಅಪಾಯ. ಸೀಳು ಕಾಣದೆ ಕುರುಡಾಗಿ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಿದರೆ ಮರವೇ ಸೀಳಿಕೊಳ್ಳುತ್ತದೆ.

ಆ ಹಿರಿಯರಿಗೂ ಇದನ್ನೇ ಹೇಳಿದೆವು. ಆದರೂ ಒಂದು ಸ್ಕ್ರೂಡ್ರೈವರ್ ಬೇಕೆಂದು ಹಟ ಹಿಡಿದರು. ಹಿಡಿಯ ಹಿಂದಿನ ತಗಡಿನ ಎರಡು ಸ್ಕ್ರೂಗಳ ಅಳತೆಗೆ ಒಂದನ್ನು ಅರೆದು ಕೋವಿಯ ಚೀಲದಲ್ಲೇ ಕಟ್ಟಿ ಕೊಟ್ಟೆವು. ಪಂಪ್‌ನವನ ಕೈಗೆ ಅದನ್ನೂ ಕೊಡಬೇಡಿ ಎಂದು ಹೇಳಿ ಕಳಿಸಿದೆವು.